ಹೆಜ್ಜೆಯ ಹಿಂದಿನ ತೂಬು

ಬೆಳಗ್ಗೆ ಏಳೂವರೆಗೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ. ಅಲ್ಲಿಂದಲೇ ಹೊರಡುವ ಡೊಂಬಿವಲಿ ಲೋಕಲ್ ಒಳಗೆ ಬರುತ್ತಿರುತ್ತದೆ. ಗಾಡಿ ಇನ್ನೂ ನಿಂತಿರುವುದಿಲ್ಲ, ಜನ ಆಗಲೇ ಹಾರಿ ಹತ್ತುತ್ತಿರುತ್ತಾರೆ. ಬಾಗಿಲ ನಡುವಿನ ಕಂಬಕ್ಕೆ ಕೈ, ಮೆಟ್ಟಿಲಿಗೆ ಕಾಲು, ಕಣ್ಣು ಮಾತ್ರ ಕಿಟಕಿ ಪಕ್ಕದ ಸೀಟಿನ ಮೇಲೆ. ಕಲ್ಯಾಣದಲ್ಲೂ ಠಾಣೆಯಲ್ಲೂ ಇದೇ ನೋಟ. ಸೀಟು ಸಿಕ್ಕಿತೆಂದರೆ ಮುಂಬೈಯವರೆಗೆ ಕೂತು ಹೋಗಬಹುದು, ಸಿಗದಿದ್ದರೆ ಒಂಟಿಕಾಲಿನ ತಪಸ್ಸು.

ವರ್ಷಗಟ್ಟಲೆ ನಾನೂ ಹಾಗೆ ಹತ್ತಿದವನು. ಒಂದು ಬೆಳಗ್ಗೆ ಎಂದಿನಂತೆ ಕಂಬಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಬಾಗಿಲಿಗೆ ಅಡ್ಡವಾಗಿ ಒಬ್ಬ ಹುಡುಗ ಕಾಣಿಸಿಕೊಂಡ. ‘ಬೇಡ’ ಎಂದು ಮನಸ್ಸು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಕಾಲು ಹೋಗಿಯಾಗಿತ್ತು. ಹುಡುಗನೇ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡ. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೂ ಆ ದಿನವಿಡೀ ಒಂದೇ ಪ್ರಶ್ನೆ ಕಾಡಿತು: ಬೇಡ ಎಂದವನೂ ನಾನು, ಕಾಲು ಇಟ್ಟವನೂ ನಾನು. ಇವೆರಡರ ನಡುವೆ ಏನಾಯಿತು?

ಆ ಮೇಲೆ ಮೆದುಳಿನ ಬಗ್ಗೆ ಓದುತ್ತ ಹೋದೆ. ನಾವು ಸಾಮಾನ್ಯವಾಗಿ ಅಂದುಕೊಂಡಿರುವುದು ಹೀಗೆ: ಮನಸ್ಸು ತೀರ್ಮಾನಿಸುತ್ತದೆ, ಮೆದುಳು ಆಜ್ಞೆ ಕಳಿಸುತ್ತದೆ, ಸ್ನಾಯು ಪಾಲಿಸುತ್ತದೆ. ಆಜ್ಞೆ ಹೋಗುವ ದಾರಿಯೇನೋ ನಿಜವಾಗಿಯೂ ಇದೆ. 1870ರಲ್ಲಿ ಬರ್ಲಿನ್‌ನ ಫ್ರಿಟ್ಶ್ ಮತ್ತು ಹಿಟ್ಸಿಗ್ ಎಂಬಿಬ್ಬರು ನಾಯಿಯ ಮೆದುಳಿನ ಮೇಲ್ಪದರದ ಒಂದು ಭಾಗಕ್ಕೆ ಸಣ್ಣ ವಿದ್ಯುತ್ ಹರಿಸಿದರು. ಅದರ ಎದುರು ಬದಿಯ ಕಾಲು ಅಲುಗಿತು. ಮೇಲ್ಪದರದ ಯಾವ ಭಾಗ ದೇಹದ ಯಾವ ಅಂಗಕ್ಕೆ ಸೇರಿದ್ದು ಎಂಬ ನಕ್ಷೆ ಅಲ್ಲಿಂದ ಶುರುವಾಯಿತು. ನಾಲ್ಕು ವರ್ಷದ ನಂತರ ಕೀವ್‌ನ ವ್ಲಾದಿಮಿರ್ ಬೆಟ್ಸ್ ಅದೇ ಭಾಗದಲ್ಲಿ ದೈತ್ಯಗಾತ್ರದ ನರಕೋಶಗಳನ್ನು ಗುರುತಿಸಿದ. ಇಂಥ ಕೋಶಗಳಿಂದ ಹೊರಟ ಎಳೆಗಳು ಮೆದುಳಿನ ಬುಡದಲ್ಲಿ ಬಹುಪಾಲು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿ ಬೆನ್ನುಹುರಿಯಲ್ಲಿ ಇಳಿಯುತ್ತವೆ. ಅಲ್ಲಿ ಇನ್ನೊಂದು ನರಕೋಶ ಸುದ್ದಿಯನ್ನು ಎತ್ತಿಕೊಂಡು ಸ್ನಾಯುವಿಗೆ ಒಯ್ಯುತ್ತದೆ. ಸ್ನಾಯುವಿನ ಹೊಸ್ತಿಲಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ, ಸ್ನಾಯು ಬಿಗಿಯಾಗುತ್ತದೆ.

ಮೆದುಳಿನಿಂದ ಕೈಬೆರಳಿಗೆ ಈ ಪಯಣಕ್ಕೆ ತಗಲುವ ಹೊತ್ತು ಸುಮಾರು 20 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು. ಪಾದಕ್ಕೆ ಅದರ ಇಮ್ಮಡಿ ಎಂದುಕೊಳ್ಳಿ. ಆದರೆ ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತಿ ಎಂದರೆ ಚುರುಕಾದವರಿಗೂ ಸುಮಾರು 200 ಮಿಲಿಸೆಕೆಂಡು ಬೇಕು. ಕಣ್ಣಿನಿಂದ ಮೆದುಳಿಗೆ ಸುದ್ದಿ ಮುಟ್ಟುವ ಹೊತ್ತನ್ನು ಕಳೆದರೂ ದೊಡ್ಡ ಪಾಲು ಉಳಿಯುತ್ತದೆ. ತಡವಾಗುವುದು ದಾರಿಯಲ್ಲಿ ಅಲ್ಲ, ಅಪ್ಪಣೆ ಸಿಗುವುದರಲ್ಲಿ.

ನಮ್ಮೂರ ಕೆರೆಯನ್ನು ನೆನೆಸಿಕೊಂಡರೆ ಈ ಅಪ್ಪಣೆಯ ವ್ಯವಸ್ಥೆ ಅರ್ಥವಾಗುತ್ತದೆ. ಕೆರೆಯಲ್ಲಿ ನೀರು ಯಾವಾಗಲೂ ಇದೆ, ಕಾಲುವೆಗಳೂ ಇವೆ. ನೀರನ್ನು ಯಾರೂ ತಳ್ಳಬೇಕಿಲ್ಲ, ತೂಬು ಎತ್ತಿದರೆ ಸಾಕು. ಮೆದುಳಿನ ಒಳಭಾಗದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಗಂಟುಗಳ ಗುಂಪಿದೆ. ಅದರ ಹೊರದಾರಿಯ ಕೋಶಗಳು ಎಡೆಬಿಡದೆ ‘ಬೇಡ, ಬೇಡ’ ಎಂಬ ತಡೆಸುದ್ದಿಯನ್ನೇ ಕಳಿಸುತ್ತಿರುತ್ತವೆ. ನೀವು ಸುಮ್ಮನೆ ಕೂತಿರುವಾಗಲೂ ಅವು ಕೆಲಸ ನಿಲ್ಲಿಸುವುದಿಲ್ಲ. ಕೈ ಎತ್ತಬೇಕು ಎಂದಾಗ ಕೈಯ ಪಾಲಿನ ತಡೆ ಮಾತ್ರ ಸಡಿಲವಾಗುತ್ತದೆ, ಮಿಕ್ಕ ತೂಬುಗಳು ಮುಚ್ಚಿಯೇ ಇರುತ್ತವೆ. ಹಾಗಿಲ್ಲದಿದ್ದರೆ ಕೈ ಎತ್ತುವಾಗ ಕಾಲೂ ಏಳುತ್ತಿತ್ತು, ತಲೆಯೂ ತಿರುಗುತ್ತಿತ್ತು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸಿದ್ದು ಇದೇ. ಆಜ್ಞೆ ಕೊಡುವುದು ಮೆದುಳಿನ ಅರ್ಧ ಕೆಲಸ ಮಾತ್ರ. ಹಿಡಿದಿಟ್ಟದ್ದನ್ನು ಸರಿಯಾದ ಹೊತ್ತಿಗೆ ಬಿಡುವುದು ಉಳಿದರ್ಧ.

ಬಿಡುವ ಹೊತ್ತು ಯಾವುದು ಎಂಬುದಕ್ಕೂ ಕೆರೆಯಿಂದಲೇ ಹೋಲಿಕೆ ಸಿಗುತ್ತದೆ. 1996ರಲ್ಲಿ ಅಮೆರಿಕದ ಡಗ್ ಹೇನ್ಸ್ ಮತ್ತು ಜೆಫ್ರಿ ಶಾಲ್ ಮಂಗಗಳ ಕಣ್ಣಿನ ಚಲನೆಯನ್ನು ಆಳುವ ನರಕೋಶಗಳನ್ನು ಗಮನಿಸಿದರು. ಚಲನೆಗೆ ಮುನ್ನ ಆ ಕೋಶಗಳ ಚಟುವಟಿಕೆ ಏರುತ್ತ ಹೋಗಿ ಒಂದು ನಿರ್ದಿಷ್ಟ ಮಟ್ಟ ಮುಟ್ಟುತ್ತಿತ್ತು, ಆಗ ಕಣ್ಣು ಹೊರಳುತ್ತಿತ್ತು. ಬೇಗ ಹೊರಳಿದ ಸಲವೂ ತಡವಾಗಿ ಹೊರಳಿದ ಸಲವೂ ಮಟ್ಟ ಅದೇ, ಏರಿದ ವೇಗ ಮಾತ್ರ ಬೇರೆ. ಕೋಡಿಯ ಎತ್ತರ ಬದಲಾಗುವುದಿಲ್ಲ. ನೀರು ಎಷ್ಟು ಬೇಗ ತುಂಬಿತು ಎಂಬುದರ ಮೇಲೆ ಕೋಡಿ ಬೀಳುವ ಗಳಿಗೆ ನಿಂತಿದೆ.

ಹಾಗಾದರೆ ನನ್ನ ‘ಬೇಡ’ ಏನಾಯಿತು? 1984ರಲ್ಲಿ ಗಾರ್ಡನ್ ಲೋಗನ್ ಮತ್ತು ವಿಲಿಯಂ ಕೋವನ್ ಇದನ್ನು ಕುದುರೆ ಪಂದ್ಯವಾಗಿ ಕಲ್ಪಿಸಿಕೊಂಡರು. ‘ಹೋಗು’ ಒಂದು ಕುದುರೆ, ‘ನಿಲ್ಲು’ ಇನ್ನೊಂದು. ‘ಹೋಗು’ ಮೊದಲೇ ಓಟ ಶುರು ಮಾಡಿರುತ್ತದೆ, ‘ನಿಲ್ಲು’ ಹಿಂದಿನಿಂದ ಬಂದು ಅದನ್ನು ದಾಟಬೇಕು. ಪರೀಕ್ಷೆಗೆ ಕೂತವರಿಗೆ ಗುಂಡಿ ಒತ್ತಲು ಹೇಳಿ, ಆಗಾಗ ನಡುವೆ ನಿಲ್ಲಿಸುವ ಸಂಕೇತ ಕೊಟ್ಟು ಅಳೆದರೆ, ಆರೋಗ್ಯವಂತ ವಯಸ್ಕರಲ್ಲಿ ನಿಲ್ಲಿಸುವ ಕೆಲಸಕ್ಕೆ ಸುಮಾರು 200 ಮಿಲಿಸೆಕೆಂಡು ಬೇಕಾಗುತ್ತದೆ. ಈ ಕುದುರೆಗೆ ಒಂದು ಅಡ್ಡದಾರಿಯೂ ಇದೆ. ಮೆದುಳಿನ ಮುಂಭಾಗದಿಂದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟಿಗೆ ನೇರ ಸುದ್ದಿ ಹೋಗುತ್ತದೆ, ಅದು ಎಲ್ಲ ತೂಬುಗಳನ್ನೂ ಒಟ್ಟಿಗೆ ಅದುಮುತ್ತದೆ. ಅಷ್ಟಾದರೂ ಹೊತ್ತು ಮೀರಿದರೆ ಮೀರಿದ್ದೇ. 2016ರಲ್ಲಿ ಬರ್ಲಿನ್‌ನ ಜಾನ್-ಡಿಲನ್ ಹೇನ್ಸ್ ತಂಡ ಜನ ತಾವಾಗಿಯೇ ಶುರು ಮಾಡಿದ ಚಲನೆಯನ್ನು ನಡುವೆ ತಡೆಯಬಲ್ಲರೇ ಎಂದು ಪರೀಕ್ಷಿಸಿತು. ಚಲನೆ ಶುರುವಾಗಲು ಸುಮಾರು 200 ಮಿಲಿಸೆಕೆಂಡು ಇರುವವರೆಗೆ ತಡೆಯಬಹುದು. ಆ ಗೆರೆ ದಾಟಿದರೆ ಬಿಲ್ಲಿನಿಂದ ಬಾಣ ಹೊರಟಂತೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಆದಿತ್ಯ ಮೂರ್ತಿ ಅವರ ಪ್ರಯೋಗಾಲಯ ಇದೇ ವಿಷಯದ ಬೆನ್ನು ಹತ್ತಿದೆ. ಕಣ್ಣು ಮತ್ತು ಕೈಯ ಚಲನೆಗಳನ್ನು ಮೆದುಳು ಹೇಗೆ ಯೋಜಿಸುತ್ತದೆ, ಗುರಿ ದಿಢೀರನೆ ಬದಲಾದರೆ ಹೇಗೆ ತಿದ್ದುತ್ತದೆ, ಹೊರಟದ್ದನ್ನು ಹೇಗೆ ರದ್ದು ಮಾಡುತ್ತದೆ ಎಂಬುದು ಅಲ್ಲಿನ ಹುಡುಕಾಟ. ಕಂಬಕ್ಕೆ ಕೈ ಚಾಚುವಾಗ ಕಣ್ಣೂ ಕೈಯೂ ಜೋಡಿಯಾಗಿ ಹೊರಡುತ್ತವಲ್ಲ, ಆ ಜೋಡಿಗೆ ಒಂದೇ ತಡೆಯೋ ಎರಡು ಬೇರೆ ತಡೆಗಳೋ ಎಂಬುದನ್ನು ಈ ತಂಡ ಪರೀಕ್ಷಿಸಿದೆ. ಅವರ ಉತ್ತರ: ಅದು ಸಂದರ್ಭದ ಮೇಲೆ ನಿಂತಿದೆ.

ಈಗ ಪ್ಲಾಟ್‌ಫಾರ್ಮಿನ ಲೆಕ್ಕ ಹಾಕೋಣ. ಗಾಡಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎನ್ನಿ. ನೋಡಿದವರಿಗೆ ಅದು ನಿಧಾನವೆನಿಸುತ್ತದೆ. 200 ಮಿಲಿಸೆಕೆಂಡಿನಲ್ಲಿ ಅದು 80 ಸೆಂಟಿಮೀಟರಿಗಿಂತ ಹೆಚ್ಚು ಮುಂದೆ ಸರಿದಿರುತ್ತದೆ. ನೀವು ಕಂಡ ಕಂಬ ಅಲ್ಲಿಲ್ಲ, ನೀವು ಕಂಡ ಖಾಲಿ ಜಾಗವೂ ಅಲ್ಲಿಲ್ಲ. ‘ಬೇಡ’ ಎನ್ನುವ ಹಕ್ಕು ನಿಮಗಿದೆ, ಅದನ್ನು ಚಲಾಯಿಸುವ ಹೊತ್ತು ಮಾತ್ರ ಮುಗಿದಿದೆ. ನನ್ನ ಗೆಳೆಯರು ಹೀಗೆ ಹಾರಿ ಹತ್ತುವುದನ್ನು ಎದೆಗಾರಿಕೆಯ ಮಾತಾಗಿ ನೋಡುತ್ತಾರೆ, ಅಭ್ಯಾಸವಿದ್ದವನಿಗೆ ಏನೂ ಆಗದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಭ್ಯಾಸ ‘ಹೋಗು’ ಕುದುರೆಯನ್ನು ಚುರುಕು ಮಾಡುತ್ತದೆ. ಅದು ಚುರುಕಾದಷ್ಟೂ ‘ನಿಲ್ಲು’ ಅದನ್ನು ಹಿಡಿಯುವುದು ಕಷ್ಟ.

ಇಲ್ಲೊಂದು ಪ್ರಸಿದ್ಧ ವಾದವನ್ನು ಮುಟ್ಟಿ ಮುಂದೆ ಹೋಗುತ್ತೇನೆ. 1965ರಲ್ಲಿ ಜರ್ಮನಿಯ ಕೋರ್ನ್‌ಹ್ಯೂಬರ್ ಮತ್ತು ಡೀಕೆ ನಾವು ಬೆರಳಾಡಿಸುವ ಸುಮಾರು ಒಂದು ಸೆಕೆಂಡು ಮೊದಲೇ ಮೆದುಳಿನಲ್ಲಿ ಸಿದ್ಧತೆಯ ವಿದ್ಯುತ್ ಏರಿಕೆ ಕಾಣುತ್ತದೆ ಎಂದು ತೋರಿಸಿದರು. 1983ರಲ್ಲಿ ಬೆಂಜಮಿನ್ ಲಿಬೆಟ್ ಆ ಏರಿಕೆ ‘ಮಾಡಬೇಕು’ ಎಂಬ ಅರಿವಿಗಿಂತ ಮುಂಚಿನದು ಎಂದ. ಹಾಗಾದರೆ ನಮ್ಮ ಇಚ್ಛೆ ಸುಳ್ಳೇ ಎಂಬ ದೊಡ್ಡ ಚರ್ಚೆ ಎದ್ದಿತು. 2012ರಲ್ಲಿ ಆರನ್ ಶರ್ಗರ್ ಬೇರೆ ಅರ್ಥ ಮುಂದಿಟ್ಟರು. ಮೆದುಳಿನಲ್ಲಿ ಸದಾ ಇರುವ ಏರಿಳಿತವೇ ಒಮ್ಮೆ ಕೋಡಿ ಮಟ್ಟ ಮುಟ್ಟಿದಾಗ ಚಲನೆಯಾಗುತ್ತದೆ, ಹಿಂತಿರುಗಿ ನೋಡಿದರೆ ಅದು ಸಿದ್ಧತೆಯಂತೆ ಕಾಣುತ್ತದೆ ಎಂಬುದು ಅವರ ವಾದ. ನನಗೆ ಅದೇ ಹೆಚ್ಚು ಸರಿ ಎನಿಸುತ್ತದೆ. ಇಚ್ಛೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಅದಕ್ಕೆ ಎಷ್ಟು ಹೊತ್ತು ಕೊಡುತ್ತೇವೆ ಎಂಬುದು ಲೋಕಲ್ ಹತ್ತುವವರಿಗೆ ದೊಡ್ಡ ಪ್ರಶ್ನೆ.

ನಿಲ್ದಾಣದಲ್ಲೇ ಇನ್ನೊಂದು ಅನುಭವ ನಿಮಗೂ ಆಗಿರಬೇಕು. ವಿದ್ಯುತ್ ಹೋಗಿ ಎಸ್ಕಲೇಟರ್ ನಿಂತಿದೆ. ನಿಂತಿರುವುದು ಕಣ್ಣಿಗೆ ಕಾಣುತ್ತಿದೆ, ತಲೆಗೂ ಗೊತ್ತಿದೆ. ಆದರೂ ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕ್ಷಣ ಮೈ ಮುಂದಕ್ಕೆ ವಾಲುತ್ತದೆ. 2003ರಲ್ಲಿ ಲಂಡನ್ನಿನ ರೇನಾಲ್ಡ್ಸ್ ಮತ್ತು ಬ್ರಾನ್‌ಸ್ಟೀನ್ ಇದನ್ನೇ ಪ್ರಯೋಗಾಲಯದಲ್ಲಿ ತೋರಿಸಿದರು. ಚಲಿಸುವ ಹಲಗೆಯ ಮೇಲೆ ಕೆಲವು ಬಾರಿ ಹತ್ತಿದವರಿಗೆ, ಇನ್ನು ಅದು ಚಲಿಸುವುದಿಲ್ಲ ಎಂದು ಹೇಳಿದ ಮೇಲೂ ಮೈ ಮುಂದಕ್ಕೆ ತೂಗಿತು. ತೀರ್ಮಾನ ಮಾಡುವ ಮೆದುಳು ಒಂದು, ನಡೆಯಲು ಕಲಿತ ಮೆದುಳು ಇನ್ನೊಂದು ಎನ್ನುವಷ್ಟು ಅಂತರ ಅಲ್ಲಿ ಕಾಣುತ್ತದೆ. ಕಲಿತ ಮೆದುಳಿಗೆ ಮಾತು ಬೇಗ ತಲುಪುವುದಿಲ್ಲ, ಅದು ಮೈಯ ಅನುಭವವನ್ನು ನಂಬುತ್ತದೆ.

ಹೀಗೆ ಕಲಿಯುವುದರಲ್ಲಿ ಕಿರುಮೆದುಳಿನ ಪಾತ್ರ ದೊಡ್ಡದು. ತಲೆಯ ಹಿಂಬದಿಯಲ್ಲಿ, ದೊಡ್ಡ ಮೆದುಳಿನ ಅಡಿಯಲ್ಲಿ ಮುದುಡಿ ಕುಳಿತ ಈ ಭಾಗ ಗಾತ್ರದಲ್ಲಿ ಚಿಕ್ಕದು. ಆದರೆ ನಮ್ಮ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಇರುವುದು ಅಲ್ಲೇ. ಸ್ನಾಯುವಿಗೆ ಹೋದ ಪ್ರತಿ ಆಜ್ಞೆಯ ಒಂದು ನಕಲು ಕಿರುಮೆದುಳಿಗೂ ಬರುತ್ತದೆ. ಈ ಆಜ್ಞೆಯಿಂದ ಮೈಗೆ ಹೇಗನಿಸಬೇಕು ಎಂದು ಅದು ಮೊದಲೇ ಊಹಿಸಿ ಇಟ್ಟುಕೊಳ್ಳುತ್ತದೆ. ಊಹೆಗೂ ವಾಸ್ತವಕ್ಕೂ ವ್ಯತ್ಯಾಸ ಬಂದರೆ ತಿದ್ದುತ್ತದೆ. ನಿಮ್ಮ ಕಂಕುಳಿಗೆ ನೀವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲವಲ್ಲ, ಅದಕ್ಕೂ ಈ ಊಹೆಯೇ ಕಾರಣ. ಬರಲಿರುವ ಸ್ಪರ್ಶ ಮೆದುಳಿಗೆ ಮೊದಲೇ ಗೊತ್ತು.

ಈ ತಿದ್ದುವ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ನವಿ ಮುಂಬೈಯ ನೆರೂಳ್‌ಗೆ ಹೋಗಬೇಕು. 2025ರ ನವೆಂಬರ್ 2ರ ರಾತ್ರಿ, ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮಹಿಳಾ ವಿಶ್ವಕಪ್ ಫೈನಲ್. 101 ರನ್ ಗಳಿಸಿದ್ದ ದಕ್ಷಿಣ ಆಫ್ರಿಕಾದ ನಾಯಕಿ ಲಾರಾ ವೋಲ್ವಾರ್ಟ್ ದೀಪ್ತಿ ಶರ್ಮಾ ಎಸೆತವನ್ನು ಎತ್ತಿ ಹೊಡೆದರು. ಅಮನ್‌ಜೋತ್ ಕೌರ್ ಓಡಿ ಬಂದು ಕೈಯೊಡ್ಡಿದರು. ಚೆಂಡು ಕೈಗೆ ಬಿತ್ತು, ಜಾರಿತು, ಪುಟಿಯಿತು, ಕೊನೆಗೂ ಕೈಯಲ್ಲಿ ನಿಂತಿತು. ಆ ತಡಕಾಟದಲ್ಲಿ ಯೋಚಿಸಿ ತೀರ್ಮಾನಿಸುವಷ್ಟು ಬಿಡುವಿರಲಿಲ್ಲ. ಊಹೆ ತಪ್ಪಿದ್ದನ್ನು ಕಂಡು ಮೆದುಳು ಕೈಯನ್ನು ತಿದ್ದಿತು, ಮತ್ತೆ ತಿದ್ದಿತು. ಭಾರತ 52 ರನ್‌ಗಳಿಂದ ಗೆದ್ದಿತು.

ಬ್ಯಾಟ್ ಹಿಡಿದವರ ಕಷ್ಟ ಇನ್ನೂ ದೊಡ್ಡದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅರ್ಧ ಸೆಕೆಂಡೂ ಕಳೆಯದೆ ಬ್ಯಾಟಿನ ಬಳಿ ಇರುತ್ತದೆ. ಅದು ನೆಲ ಮುಟ್ಟಿ ಅನಿರೀಕ್ಷಿತವಾಗಿ ತಿರುಗಿದರೆ ಬ್ಯಾಟಿನ ದಿಕ್ಕು ಬದಲಿಸಲು ಸುಮಾರು 200 ಮಿಲಿಸೆಕೆಂಡು ಬೇಕೆಂದು 1987ರಲ್ಲೇ ಪೀಟರ್ ಮ್ಯಾಕ್‌ಲಿಯೋಡ್ ಅಳೆದಿದ್ದರು. ಅಷ್ಟು ಹೊತ್ತು ಇರುವುದೇ ಇಲ್ಲ. ಆದ್ದರಿಂದ ನುರಿತವರ ಕಣ್ಣು ಚೆಂಡಿನ ಹಿಂದೆ ಓಡುವುದಿಲ್ಲ. ಕೈ ಬಿಟ್ಟ ಕ್ಷಣ ನೋಡಿ, ಅದು ಎಲ್ಲಿ ನೆಲ ಮುಟ್ಟುತ್ತದೆ ಎಂದು ಊಹಿಸಿ, ಆ ಜಾಗಕ್ಕೆ ಮೊದಲೇ ಹಾರಿ ಕಾಯುತ್ತದೆ. ನಮ್ಮ ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ 31,258 ಎಸೆತಗಳನ್ನು ಎದುರಿಸಿದರು. ಅವುಗಳಲ್ಲಿ ಎಷ್ಟೋ ಎಸೆತಗಳಿಗೆ ಅವರು ಬ್ಯಾಟ್ ಎತ್ತಿ ಸುಮ್ಮನೆ ಬಿಟ್ಟರು. ಏನೂ ಮಾಡದಂತೆ ಕಂಡ ಆ ಕ್ಷಣದಲ್ಲಿ ಮೆದುಳು ಅತ್ಯಂತ ದುಬಾರಿಯಾದ ಕೆಲಸ ಮಾಡಿತ್ತು: ಕೋಡಿ ಬೀಳುವ ಮೊದಲೇ ತೂಬನ್ನು ಅದುಮಿ ಹಿಡಿದಿತ್ತು.

ಬಾಗಿಲಲ್ಲಿ ಜೋತುಬಿದ್ದು ಹೋಗುವವರ ಕೈಯಲ್ಲೂ ಇಂಥ ತಿದ್ದುಪಡಿ ನಿರಂತರ ನಡೆಯುತ್ತದೆ. ಹಿಡಿದ ವಸ್ತು ತುಸು ಜಾರಿದರೆ ಸುಮಾರು 70 ಮಿಲಿಸೆಕೆಂಡಿನೊಳಗೆ ಬೆರಳುಗಳು ತಾವಾಗಿಯೇ ಬಿಗಿಯಾಗುತ್ತವೆ ಎಂದು ಸ್ವೀಡನ್ನಿನ ಜೋಹಾನ್ಸನ್ ಮತ್ತು ವೆಸ್ಟ್‌ಲಿಂಗ್ 1980ರ ದಶಕದಲ್ಲಿ ಕಂಡುಕೊಂಡರು. ಜಾರಿದ್ದು ನಮಗೆ ಅರಿವಾಗುವ ಮೊದಲೇ ಹಿಡಿತ ಬಿಗಿದಿರುತ್ತದೆ. ಈ ರಕ್ಷಣೆ ದೊಡ್ಡದು. ಆದರೆ ದಣಿದ ಸ್ನಾಯುವಿನ ಮುಂದೆ, ತಿರುವಿನಲ್ಲಿ ಮೈಮೇಲೆ ಬೀಳುವ ಹತ್ತಾರು ಜನರ ಭಾರದ ಮುಂದೆ ಅದು ಸಾಲದು. 2025ರ ಜೂನ್ 9ರಂದು ಮುಂಬ್ರಾ ಬಳಿ ಎದುರುಬದುರಾದ ಎರಡು ಲೋಕಲ್‌ಗಳ ಬಾಗಿಲಿಂದ ಪ್ರಯಾಣಿಕರು ಬಿದ್ದು ಪ್ರಾಣ ಕಳೆದುಕೊಂಡರು. ಅವರ ನಿರ್ಧಾರ ತಪ್ಪಿತ್ತು ಎಂದು ನಾನು ಹೇಳಲಾರೆ. ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದವರಿಗೆ ಆ ಡಬ್ಬಿಯಲ್ಲಿ ಬೇರೆ ಜಾಗವಿರಲಿಲ್ಲ.

ಇಷ್ಟು ಹೊತ್ತು ತಡೆಯಲಾಗದ ಹೆಜ್ಜೆಯ ಮಾತಾಯಿತು. ಎತ್ತಲಾಗದ ಹೆಜ್ಜೆಯೂ ಒಂದಿದೆ, ಅದರ ಕತೆಯ ಒಂದು ತುದಿ ಮುಂಬೈಯಲ್ಲೇ ಇದೆ.

ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿದ್ದ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ನಮ್ಮ ನಾಟಿ ವೈದ್ಯರು ತಲೆಮಾರುಗಳಿಂದ ಬಲ್ಲ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಅವರು ತೋರಿಸಿದ್ದರು. ಜಗತ್ತಿನ ಕಣ್ಣು ಆ ಬೇರಿನ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅದರಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರೆಸರ್ಪಿನ್ ಅನ್ನು ಮೊಲಗಳಿಗೆ ಕೊಟ್ಟು ನೋಡಿದಾಗ ಅವು ಕಿವಿ ಜೋತು ಬಿಟ್ಟು ಕದಲದೆ ಕುಳಿತುಬಿಟ್ಟವು. ಬಳಿಕ ಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಅದು 1957. ಡೋಪಾದಿಂದ ಮೆದುಳಿನಲ್ಲಿ ಡೋಪಮಿನ್ ತಯಾರಾಗುತ್ತದೆ. ಚಲನೆಯ ತೂಬು ಏಳಬೇಕಾದರೆ ಡೋಪಮಿನ್ ಬೇಕು ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಡಾ. ವಕೀಲ್ ಅವರಿಗೆ 1957ರಲ್ಲೇ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತ್ತು. ನಮ್ಮ ಶಾಲೆಯ ಪಾಠಗಳಲ್ಲಿ ಅವರ ಹೆಸರು ಇನ್ನೂ ದೊಡ್ಡದಾಗಿ ಇರಬೇಕಿತ್ತು.

ಡೋಪಾ ನಮಗೆ ದೂರದ ವಸ್ತುವೂ ಅಲ್ಲ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ ಅದು ಇದೆಯೆಂದು 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿ ತೋರಿಸಿದ್ದರು. ಆಯುರ್ವೇದದವರು ಕಂಪವಾತಕ್ಕೆ ಆ ಬೀಜವನ್ನು ಬಳಸುತ್ತ ಬಂದವರು. ವೈದ್ಯರನ್ನು ಕೇಳದೆ ಅದನ್ನು ಅರೆದು ಕುಡಿಯಲು ಹೋಗಬೇಡಿ, ಅದರ ಪ್ರಮಾಣ ಹಿಡಿಯುವುದು ಸುಲಭವಲ್ಲ.

ಕಂಪವಾತವನ್ನು ಹೋಲುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತ ಹೋಗುತ್ತವೆ. ಕೆರೆ ತುಂಬಿದೆ, ಕಾಲುವೆ ನೆಟ್ಟಗಿದೆ, ತೂಬು ಎತ್ತುವ ನೀರುಗಂಟಿ ಮಾತ್ರ ಸೊರಗಿದ್ದಾನೆ. ಇವರಿಗೆ ಸ್ನಾಯುಗಳಲ್ಲಿ ಬಲವಿರುತ್ತದೆ, ನಡೆಯಬೇಕೆಂಬ ಇಚ್ಛೆಯೂ ಇರುತ್ತದೆ, ಆದರೂ ಕೆಲವೊಮ್ಮೆ ಪಾದ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ಇಕ್ಕಟ್ಟಾದ ಬಾಗಿಲು, ತಿರುವು, ನೂಕುನುಗ್ಗಲು, ಅವಸರ, ಇವೆಲ್ಲ ಅದನ್ನು ಹೆಚ್ಚಿಸುತ್ತವೆ. ಲೋಕಲ್‌ನ ಬಾಗಿಲಲ್ಲಿ ಇಷ್ಟೂ ಒಟ್ಟಿಗೆ ಇರುತ್ತವೆ.

ನಮ್ಮ ಕಟ್ಟಡದಲ್ಲಿ ಈ ಕಾಯಿಲೆಯಿರುವ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ನಿಲ್ದಾಣದ ಸೇತುವೆಯ ಮೆಟ್ಟಿಲುಗಳನ್ನು ಅವರು ಸರಾಗವಾಗಿ ಹತ್ತುತ್ತಾರೆ. ಕೆಳಗಿಳಿದು ಸಪಾಟಾದ ನೆಲದಲ್ಲಿ ಡಬ್ಬಿಯ ಬಾಗಿಲ ಮುಂದೆ ಬಂದಾಗ ಕಾಲು ಏಳುವುದಿಲ್ಲ. ಮೆಟ್ಟಿಲು ಹತ್ತಿದವರಿಗೆ ಇದೇನು ಎಂದು ಹಿಂದಿನವರು ಗೊಣಗುತ್ತಾರೆ. ಆಗ ಅವರ ಪತ್ನಿ ಮೆಲ್ಲಗೆ ಚಪ್ಪಾಳೆ ತಟ್ಟಿ ತಾಳ ಹಾಕುತ್ತಾರೆ. ಊರಿನ ಯಕ್ಷಗಾನದ ಚೆಂಡೆ ಕೇಳಿ ಬೆಳೆದ ಕಿವಿ ಅದು. ಮೂರನೆಯದೋ ನಾಲ್ಕನೆಯದೋ ಪೆಟ್ಟಿಗೆ ಪಾದ ಏಳುತ್ತದೆ.

ಇದರ ಹಿಂದೆ ಪವಾಡವೇನೂ ಇಲ್ಲ. ಪಾರ್ಕಿನ್ಸನ್ ಇರುವವರ ಮುಂದೆ ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದರೆ ಅವುಗಳನ್ನು ದಾಟಿ ನಡೆಯುತ್ತಾರೆ ಎಂದು ಲಂಡನ್ನಿನ ನರವೈದ್ಯ ಪರ್ಡನ್ ಮಾರ್ಟಿನ್ 1967ರಲ್ಲಿ ದಾಖಲಿಸಿದ್ದಾರೆ. ಒಳಗಿನಿಂದ ಹೊರಡುವ ಹೆಜ್ಜೆಗೆ ಬೇಸಲ್ ಗ್ಯಾಂಗ್ಲಿಯಾದ ದಾರಿ ಬೇಕು. ಹೊರಗಿನ ಗೆರೆಯೋ ತಾಳವೋ ಕೊಟ್ಟ ಸನ್ನೆಗೆ ಹೊರಡುವ ಹೆಜ್ಜೆ ಕಿರುಮೆದುಳಿನ ಕಡೆಯ ಬೇರೆ ದಾರಿ ಹಿಡಿಯಬಲ್ಲದು ಎಂದು ನರವಿಜ್ಞಾನಿಗಳು ವಿವರಿಸುತ್ತಾರೆ. ಮೆಟ್ಟಿಲು ಸುಲಭವಾಗುವುದೂ ಅದಕ್ಕೇ, ಪ್ರತಿ ಮೆಟ್ಟಿಲ ಅಂಚೂ ಒಂದು ಗೆರೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ನಮ್ಮ ಠಾಣೆಯಲ್ಲಿ. ಮರುವರ್ಷವೇ ಹಳಿ ಕಲ್ಯಾಣ ಮುಟ್ಟಿತು. ರೈಲು ಹತ್ತಿ ಇಳಿಯುವುದನ್ನು ಇಷ್ಟು ಕಾಲದಿಂದ ಬಲ್ಲ ಜನ ನಾವು. ಅದಕ್ಕೇ ಎರಡು ಮಾತು ಕೇಳಿಕೊಳ್ಳುತ್ತೇನೆ. ಬರುತ್ತಿರುವ ಗಾಡಿಗೆ ಹಾರುವುದೋ ಬೇಡವೋ ಎಂಬುದನ್ನು ಅದು ಎದುರಿಗೆ ಬಂದಾಗ ತೀರ್ಮಾನಿಸಬೇಡಿ, ಮನೆಯಿಂದ ಹೊರಡುವಾಗಲೇ ‘ಬೇಡ’ ಎಂದು ತೀರ್ಮಾನಿಸಿ ಬನ್ನಿ. ಇನ್ನು, ನಿಮ್ಮ ಮುಂದೆ ಯಾರಾದರೂ ಬಾಗಿಲಲ್ಲಿ ಕಾಲು ಏಳದೆ ನಿಂತರೆ ಹಿಂದಿನಿಂದ ತಳ್ಳಬೇಡಿ. ಪಕ್ಕಕ್ಕೆ ಬಂದು, ಅವರ ಪಾದದ ಮುಂದೆ ನಿಮ್ಮ ಪಾದವನ್ನು ಅಡ್ಡ ಇಟ್ಟು, ಇದನ್ನು ದಾಟಿ ಎನ್ನಿ.